ಅಯ್ಯನೋರ ದನಿಯಲ್ಲಿ ಹಚ್ಚಿದ ಮೇಣಬತ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಮೂಲೆಗೆ ನಿಲ್ಲಿಸಿ ಕೇಳುವುದು ಬೇಡ. ಆ ಈಸ್ಟರಿನ ನಸುಕಿನಲ್ಲಿ, ನಮ್ಮ ಪ್ರಾರ್ಥನಾ ಮಂದಿರದ ಅಂಗಳದಲ್ಲಿ, ಕತ್ತಲೊಳಗೆ ನಿಂತು ಅಯ್ಯನೋರ ದನಿ ತೆಗೆದವನು ನಾನೇ. ಅಯ್ಯನೋರು ಅಂದರೆ ನಮ್ಮ ಸಭಾಪಾಲಕರು. ಅವರು ಆಗ ಇನ್ನೂ ನಿಪ್ಪಾಣಿಯಿಂದ ಬರುವ ದಾರಿಯಲ್ಲೆಲ್ಲೋ ಇದ್ದರು. ಅವರು ಹೇಳಬೇಕಾದ ಮಾತನ್ನು ಅವರ ದನಿಯಲ್ಲೇ ಹೇಳಿ, ಅವರು ಹಚ್ಚಬೇಕಾದ ಮೇಣಬತ್ತಿಯನ್ನು ನನ್ನ ಕಿಸೆಯ ಲೈಟರಿನಿಂದ ಹಚ್ಚಿ, ಇಡೀ ಸಭೆಗೆ ನಾನು ಬೆಳಕು ಹಂಚಿದೆ. ಆ ಲೈಟರು ಕಿಸೆಯಲ್ಲಿ ಯಾಕಿತ್ತು ಅಂತ ನಮ್ಮವ್ವ ಇವತ್ತಿಗೂ ಕೇಳುತ್ತಾಳೆ. ಊದಿನಕಡ್ಡಿ ಹಚ್ಚಲಿಕ್ಕೆ ಅಂದಿದ್ದೇನೆ. ನಮ್ಮ ಮನೆಯಲ್ಲಿ ಊದಿನಕಡ್ಡಿ ಹಚ್ಚುವವರೇ ಇಲ್ಲ. ಇಂಥವನ ಕೈಗೆ ಬೆಳಕು ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನಾನು ಹೊಟ್ಟೆ ಹೊರೆಯುವುದು ದನಿಯಿಂದ. ಟಂಟಂ ಗಾಡಿಯ ತಲೆಯ ಮೇಲೆ ಭೋಂಗಾ, ಅಂದರೆ ಮೈಕಿನ ಕಹಳೆ, ಕಟ್ಟಿಕೊಂಡು ಊರೂರು ತಿರುಗಿ ಕೂಗುತ್ತೇನೆ: ಸೀರೆ ಸೇಲು, ಹಲ್ಲಿನ ಡಾಕ್ಟರು ಬಂದಿದ್ದಾರೆ, ಕಪ್ಪು ಎಮ್ಮೆ ಕಳೆದಿದೆ ಕಂಡವರು ತಿಳಿಸಿರಿ. ನಿಪ್ಪಾಣಿಯಲ್ಲಿ ಮರಾಠಿ, ಅಥಣಿಯಲ್ಲಿ ಕನ್ನಡ. ಕಾಗವಾಡದಲ್ಲಿ ಮಾತ್ರ ವಾಕ್ಯವನ್ನು ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸಬೇಕು, ಇಲ್ಲದಿದ್ದರೆ ಅರ್ಧ ಊರು ಬಾಗಿಲು ತೆಗೆಯುವುದಿಲ್ಲ. ಒಂದೇ ದನಿ ಕೇಳಿ ಜನಕ್ಕೆ ಬೇಜಾರಾಗಬಾರದು ಅಂತ ದನಿ ಬದಲಿಸುತ್ತ ಹೋಗುತ್ತೇನೆ. ಚಿಕ್ಕೋಡಿ ಬಸ್ ನಿಲ್ದಾಣದ ಕಂಟ್ರೋಲರ್, ರಾಯಬಾಗದ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿ, ನಮ್ಮ ಓಣಿಗೆ ನೀರು ಬಿಡುವವ, ಯಾರನ್ನೂ ಬಿಟ್ಟಿಲ್ಲ. ಅವರೂ ಬಿಟ್ಟಿಲ್ಲ. ಮದುವೆಗೆ ಹೋಗಿ ಊಟದ ಎಲೆಯ ಮುಂದೆ ಕೂತರೆ ಸಾಕು, "ಲೇ, ಒಮ್ಮೆ ಅವಂದ ಮಾಡಲೇ" ಅಂತ ಶುರು. ಬಾಯಲ್ಲಿ ಹೋಳಿಗೆ ಇದ್ದರೂ ಮಾಡಬೇಕು. ಒಂದು ಸಂಜೆ ಮನೆಗೆ ಬಂದು, ಯಾವ ಆಟವೂ ಇಲ್ಲದೆ, "ಅವ್ವಾ, ಸಾಕಾಗೇತಿ, ಊಟಕ್ಕ ಹಾಕು" ಅಂದೆ. ಅವ್ವ ಒಲೆಯ ಮುಂದಿನಿಂದ ತಲೆಯೆತ್ತದೆ, "ಇದ ಯಾರ ದನಿ ಮಾಡಾಕತ್ತೀಯೋ, ಗುರತ ಹತ್ತವಲ್ದು" ಅಂದಳು. ನಗಬೇಕಿತ್ತು. ಆ ದಿನ ನಗು ಬರಲಿಲ್ಲ.

ಎಲ್ಲ ದನಿಗಳಲ್ಲೂ ಚಲೋ ಬರುವುದು ಅಯ್ಯನೋರದು. ನಾನು ತಿರುಗುವ ಈ ಐದೂ ತಾಲೂಕಿಗೆ ಸಭಾಪಾಲಕರು ಅವರೊಬ್ಬರೇ. ಹಳೇ ಬೈಕಿನ ಮೇಲೆ ಬೈಬಲ್ಲು, ರೇನ್‌ಕೋಟು, ಮೊಸರನ್ನದ ಡಬ್ಬಿ ಇಟ್ಟುಕೊಂಡು ಸಭೆಯಿಂದ ಸಭೆಗೆ ಓಡುತ್ತಾರೆ. ಮಾತು ಶುರು ಮಾಡುವ ಮೊದಲು ಗಂಟಲೊಳಗೆ ಒಂದು "ಹ್ಞಾಂ" ಇರುತ್ತದೆ, ಬಾವಿಯೊಳಗೆ ಕೊಡ ತಾಗಿದ ಹಾಗೆ. ಆಮೇಲೆ ಪ್ರತಿ ವಾಕ್ಯವೂ ಏಣಿ ಹತ್ತಿದಂತೆ ಹತ್ತಿ, ಕಡೇ ಮೆಟ್ಟಿಲಲ್ಲಿ ಸುಸ್ತಾಗಿ ಕೂತುಬಿಡುತ್ತದೆ. ಆ ಕೂರುವುದನ್ನು ಹಿಡಿದರೆ ಅವರನ್ನೇ ಹಿಡಿದಂತೆ. ಒಮ್ಮೆ ಅವರ ಎದುರಿಗೇ ಮಾಡಿ ತೋರಿಸಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಇಷ್ಟ ದಣದೀನೇನೋ ನಾ" ಅಂದಿದ್ದರು.

ಇನ್ನು ನಮ್ಮ ಈಸ್ಟರಿನ ಪದ್ಧತಿ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಅಜ್ಜ ಅಜ್ಜಿಯರು ಮಾಡಿಕೊಂಡದ್ದು. ಕಬ್ಬೂರಿನಿಂದ ರಾಯಬಾಗದ ಕಡೆ ಹೋಗುವ ರಸ್ತೆಯ ಬದಿಗೆ ನಮ್ಮ ಪ್ರಾರ್ಥನಾ ಮಂದಿರ ಇದೆ, ಪತ್ರಾಸು ತಗಡಿನ ಸೂರು, ಎದುರಿಗೆ ಹುಣಸೆ ಮರ, ಸುತ್ತ ಕಬ್ಬು. ಶುಭಶುಕ್ರವಾರ ಸಂಜೆ ಅಲ್ಲಿನ ದೀಪಗಳನ್ನೆಲ್ಲ ಆರಿಸುತ್ತೇವೆ. ಯೇಸು ಸಮಾಧಿಯಲ್ಲಿರುವಷ್ಟು ಹೊತ್ತು ಅಲ್ಲಿ ಬಲ್ಬೂ ಉರಿಯುವುದಿಲ್ಲ. ಈಸ್ಟರ್ ನಸುಕಿನಲ್ಲಿ ಎಲ್ಲರೂ ಆರಿದ ಮೇಣಬತ್ತಿ, ಆರಿದ ಕಂದೀಲು ಹಿಡಿದು ಅಂಗಳದಲ್ಲಿ ನಿಲ್ಲುತ್ತೇವೆ. ಮೊಬೈಲ್ ಕೂಡ ಕಿಸೆಯೊಳಗೆ. ಅಯ್ಯನೋರು ಹುಣಸೆ ಮರದ ಬುಡದಲ್ಲಿ ಗಾಳಿಗೆ ಮರೆಯಾಗಿ ಕಡ್ಡಿ ಗೀರಿ, ದೊಡ್ಡ ಮೇಣಬತ್ತಿ ಹಚ್ಚಿ, "ಬೆಳಕು ಬಂತ್ರಿ" ಅನ್ನುತ್ತಾರೆ. ನಾವೆಲ್ಲ, "ಬರ್ಲಿ, ನಮ್ಮನಿಗೂ ಬರ್ಲಿ" ಅನ್ನುತ್ತೇವೆ. ಆಮೇಲೆ ಆ ಒಂದೇ ಕುಡಿಯಿಂದ ಒಬ್ಬರಿಗೊಬ್ಬರು ಹಚ್ಚಿಕೊಳ್ಳುತ್ತ, ಮನೆಯ ತನಕ ಒಯ್ದು, ಅದರಿಂದಲೇ ಮನೆಯ ದೀಪ ಹಚ್ಚುತ್ತೇವೆ.

ನಡುವೆ ಕಡ್ಡಿ ಗೀರಬಾರದು, ಅದೇ ಕಟ್ಟುನಿಟ್ಟು. ದಾರಿಯಲ್ಲಿ ಆರಿದರೆ ಪಕ್ಕದವರ ಹತ್ತಿರ ಬೇಡಿ ಹಚ್ಚಿಕೊಳ್ಳಬೇಕು. ಸಣ್ಣವನಿದ್ದಾಗ ನಾನು ಇದನ್ನು ಪ್ರಶ್ನೆ ಮಾಡಿದ್ದೆ. ಮನೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಊರ ತುಂಬ ಬೆಂಕಿ ಬೇಡುತ್ತ ಓಡುವುದು ಯಾವ ಶಾಣ್ಯಾತನ ಅಂತ. ನಮ್ಮ ಅಮ್ಮ, ಅಂದರೆ ಅವ್ವನ ಅವ್ವ, ಎಲೆಅಡಿಕೆ ಕುಟ್ಟುತ್ತ ಹೇಳಿದ್ದಳು: "ಒಲಿ ಬೆಂಕಿ ನೀ ಮಾಡಕೋ. ಇದು ದೇವರ ಖರೇ. ಖರೇ ಅನ್ನೂದ ಮನ್ಯಾಗ ಕುಂತ ಮಾಡಕೊಳ್ಳಾಕ ಬರಂಗಿಲ್ಲ, ಇದ್ದವರ ಕಡಿಂದ ಇಸಗೋಬೇಕ." ಅಷ್ಟು ಹೇಳಿ ಬಾಯಿಗೆ ಎಲೆ ತುಂಬಿಕೊಂಡಳು. ಮುಂದೆ ಪ್ರಶ್ನೆ ಕೇಳಿದರೆ ಉತ್ತರ ಕೆಂಪಗೆ ಮೈಮೇಲೆ ಬೀಳುವ ಹಾಗಿತ್ತು, ಸುಮ್ಮನಾದೆ.

ಈ ಬೆಳಕಿಗಾಗಿ ಎಲ್ಲರಿಗಿಂತ ದೂರದಿಂದ ಬರುವವಳು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಅವಳನ್ನು ಕೊಟ್ಟದ್ದು, ಕೊಟ್ಟದ್ದೇನು, ಅವಳೇ ಹೋದದ್ದು ದಿಗ್ಗೇವಾಡಿಗೆ. ದೊಡ್ಡಪ್ಪನದು ಹಿಂದೂ ಒಕ್ಕಲುತನದ ಮನೆ, ಹೊಳೆದಂಡೆಯ ಕಬ್ಬಿನ ಹೊಲ. ಯಡೂರು ವೀರಭದ್ರ ಅವರ ಮನೆದೇವರು. ಅವಳು ಪ್ರಾರ್ಥನೆಗೆ ಹೋಗುವುದಕ್ಕೆ ದೊಡ್ಡಪ್ಪ ಎಂದೂ ಬೇಡ ಅಂದವನಲ್ಲ, ಎಂದೂ ಜೊತೆಗೆ ಬಂದವನೂ ಅಲ್ಲ. ಈಸ್ಟರ್ ದಿನ ಅವಳು ಕಂದೀಲಿನಲ್ಲಿ ಬೆಳಕು ತಂದು, ಒಳಗೆ ಒಯ್ಯುವ ಧೈರ್ಯವಿಲ್ಲದೆ, ಅಂಗಳದ ಆ ಎರಡೂ ಮಾತನ್ನು ತಾನೇ ಹೇಳಿಕೊಂಡು, ಹೊಸ್ತಿಲ ಮಗ್ಗುಲಲ್ಲಿ ಹಣತೆ ಹಚ್ಚಿ ಇಡುತ್ತಿದ್ದಳು. ದೊಡ್ಡಪ್ಪ ಹೊಲಕ್ಕೆ ಹೊರಡುವಾಗ ಅದನ್ನು ದಾಟುತ್ತ, "ನಿಮ್ಮ ದೇವರು ಹಾದ್ಯಾಗ ಕುಂತಾನ ನೋಡ, ಯಾರರೇ ತುಳದಾರು" ಅನ್ನುತ್ತಿದ್ದ. ನಾನು ಈ ಮಾತನ್ನು ಅವನ ದನಿಯಲ್ಲೇ ಮಾಡಿ ತೋರಿಸಿದರೆ ಅವನೇ ಬಿದ್ದು ಬಿದ್ದು ನಗುತ್ತಿದ್ದ. ದೊಡ್ಡವ್ವ ನಗುತ್ತಿರಲಿಲ್ಲ. ಹಣತೆಗೆ ಎಣ್ಣೆ ಹಾಕಿ ಒಳಗೆ ಹೋಗುತ್ತಿದ್ದಳು.

ಹಿಂದಿನ ಮಳೆಗಾಲದಿಂದ ದೊಡ್ಡಪ್ಪ ಹಾಸಿಗೆ ಹಿಡಿದಿದ್ದ. ದವಾಖಾನೆಗಳೆಲ್ಲ ಮುಗಿದು, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಮಾತಿಗೆ ಬಂದಿತ್ತು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಈಸ್ಟರ್ ಹತ್ತಿರ ಬಂದಾಗ, ಒಂದು ದಿನ ಗಂಜಿ ಕುಡಿಯುತ್ತ ಅವನಾಗಿಯೇ ಹೇಳಿದನಂತೆ: "ಈ ಸಲ ಹೊಸ್ತಿಲದಾಗ ಇಡಬ್ಯಾಡ. ಒಳಗ ತಗೊಂಡ ಬಾ. ನನಗ ಕಾಣೂ ಹಂಗ ಇಡು."

ದೊಡ್ಡವ್ವ ಇದನ್ನು ಫೋನಿನಲ್ಲಿ ಅವ್ವನಿಗೆ ಹೇಳಿದಳು. ಅವ್ವ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಪಾತ್ರೆ ತಿಕ್ಕಿದಳು, ತಿಕ್ಕಿದ್ದನ್ನೇ ತಿಕ್ಕಿದಳು. "ಮದಿವಿ ಆದಾಗಿಂದ ಕಾದಾಳ ಈ ಮಾತಿಗೆ" ಅಂದಳು ನನಗೆ, "ಬಂತು ನೋಡ, ಈಗ ಬಂತು."

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಮಾಡಿದೆ. ಅದಕ್ಕೇ ಹೇಳುತ್ತಿದ್ದೇನೆ.

ಆ ವರ್ಷ ಈಸ್ಟರ್ ಬೇಗ ಬಂದಿತ್ತು, ಕಬ್ಬಿನ ಹಂಗಾಮು ಇನ್ನೂ ಮುಗಿದಿರಲಿಲ್ಲ. ಹಂಗಾಮಿನ ಕೊನೆಯಲ್ಲಿ ನಮ್ಮ ಕಡೆ ಯಾರ ಮುಖ ನೋಡಿದರೂ ತೊಳೆದು ಹಿಂಡಿದ ಅರಿವೆಯ ಹಾಗಿರುತ್ತದೆ. ಅಂಗಳದಲ್ಲಿ ನಿಂತವರಲ್ಲಿ ಕಬ್ಬು ಕಡಿದು ಬಂದವರಿದ್ದರು, ಟ್ರ್ಯಾಕ್ಟರ್ ನಿಲ್ಲಿಸಿ ಬಂದವರಿದ್ದರು, ಆಸ್ಪತ್ರೆಯ ರಾತ್ರಿ ಪಾಳಿಯಿಂದ ನೇರ ಬಂದ ನರ್ಸಕ್ಕ ಇದ್ದಳು. ನಾನು ಹಿಂದಿನ ದಿನವೆಲ್ಲ ಕಾಗವಾಡ ಕಡೆ ಪಾತ್ರೆ ಅಂಗಡಿಯ ಸೇಲು ಕೂಗಿ, ಗಂಟಲು ಜಾಲಿ ಮುಳ್ಳಾಗಿ, ನಿದ್ದೆಗೆಟ್ಟು ಬಂದಿದ್ದೆ. ಕತ್ತಲಲ್ಲಿ ನಿಂತೇ ಇದ್ದೆವು. ಅಯ್ಯನೋರು ಬರಲಿಲ್ಲ. ಆ ವರ್ಷ ಮೊದಲ ಪ್ರಾರ್ಥನೆ ನಿಪ್ಪಾಣಿಯವರದು, ಆಮೇಲೆ ನಮ್ಮದು, ಆಮೇಲೆ ಅಥಣಿ. ರಸ್ತೆಗೆ ಹೋಗಿ ಫೋನ್ ಮಾಡಿದರೆ ಸ್ವಿಚ್ ಆಫ್ ಅನ್ನುವ ಅದೇ ಹೆಣ್ಣುಮಗಳು, ಅದೇ ಮಾತು. ಅವಳ ದನಿಯೂ ನನಗೆ ಬರುತ್ತದೆ, ಮಾಡಿ ತೋರಿಸಿದೆ, ಯಾರೂ ನಗಲಿಲ್ಲ.

ದೊಡ್ಡವ್ವ ಹಾಲಿನ ಗಾಡಿಯಲ್ಲಿ ಬಂದಿದ್ದಳು. ದಿಗ್ಗೇವಾಡಿಯಿಂದ ಹಾಲು ಒಯ್ದು ಇಳಿಸಿ ಮತ್ತೆ ವಾಪಸು ಹೋಗುವ ಗಾಡಿ ಅದು, ಹೊತ್ತಿಗೆ ಸರಿಯಾಗಿ ಹೊರಡಬೇಕು. ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು.

"ನಾ ಹೋಗ್ತೀನವ್ವಾ" ಅಂದಳು ದೊಡ್ಡವ್ವ, ಅವ್ವನಿಗೆ. "ಅವರ ಹಂತ್ಯಾಕ ಬಾಜೂ ಮನಿಯಾಕಿನ್ನ ಕುಂಡ್ರಿಸಿ ಬಂದೇನಿ. ಆಕಿಗೂ ಕೆಲಸ ಇರ್ತಾವು."

"ಇನ್ನ ಜರಾ ನಿಂದರ. ಬರೇ ಕಂದೀಲ ಹಿಡ್ಕೊಂಡ ಹೋಗತಿಯೇನ?"

"ಏನ ಮಾಡ್ಲಿ. ಬಂದಿಲ್ಲ ಅಂದ್ರ ಬಂದಿಲ್ಲ."

ಹಾರ್ನ್ ಮತ್ತೆ ಆಯಿತು. ನನ್ನ ಹಿಂದೆ ನಿಂತಿದ್ದ ಟ್ರ್ಯಾಕ್ಟರ್ ಡ್ರೈವರ್, ನನ್ನ ಓರಗೆಯವ, ಕಿವಿಯಲ್ಲಿ ಅಂದ: "ಲೇ, ನೀನರೇ ಬೆಳಕ ತರಲೇ. ನಿಂತ ನಿಂತ ಕಾಲ ಕಬ್ಬ ಆಗ್ಯಾವು."

ಹಿಂತಿರುಗಿ ನೋಡಿದರೆ, ದೊಡ್ಡವ್ವನ ಮೇಲಿನ ಮರುಕದಿಂದ ಮಾಡಿದೆ ಅಂತ ಬರೆಯಲು ಆಸೆಯಾಗುತ್ತದೆ. ಸ್ವಲ್ಪ ಅದೂ ಇತ್ತು, ಇರಬಹುದು. ಹೆಚ್ಚಿಗೆ ಇದ್ದದ್ದು ನಿದ್ದೆ, ಮತ್ತೆ ಒಬ್ಬರಾದರೂ ನಗಲಿ ಅನ್ನುವ ಹಾಳು ಚಟ. ನಾನು ಹುಣಸೆ ಮರದ ಹಿಂದೆ ಸರಿದೆ. ಗಂಟಲೊಳಗೆ "ಹ್ಞಾಂ" ಅಂದೆ. ಲೈಟರ್ ಒತ್ತಿದೆ. ಅಯ್ಯನೋರಿಗಾಗಿ ಬುಡದಲ್ಲಿ ಇಟ್ಟಿದ್ದ ದೊಡ್ಡ ಮೇಣಬತ್ತಿ ಹತ್ತಿತು. "ಬೆಳಕು ಬಂತ್ರಿ" ಅಂದೆ, ಏಣಿ ಹತ್ತಿಸಿ, ಕಡೇ ಮೆಟ್ಟಿಲಲ್ಲಿ ಕೂರಿಸಿ.

ಇಡೀ ಅಂಗಳ ಒಮ್ಮೆಗೇ, "ಬರ್ಲಿ, ನಮ್ಮನಿಗೂ ಬರ್ಲಿ" ಅಂತು.

ಅಲ್ಲಿಗೇ ಹೊರಗೆ ಜಿಗಿದು ಹಲ್ಲು ಕಿಸಿದಿದ್ದರೆ ಮುಗಿಯುತ್ತಿತ್ತು. ಆದರೆ ಮರದ ಹಿಂದಿನಿಂದ ನನ್ನ ಕೈ ಮಾತ್ರ ಹೊರಗೆ ಹೋಗಿತ್ತು, ಮೇಣಬತ್ತಿ ಸಮೇತ. ಮುಂದೆ ನಿಂತಿದ್ದವರು ನಮ್ಮ ಸಭೆಯ ಹಿರಿಯರು, ಕಣ್ಣಿಗೆ ಪೊರೆ ಬಂದ ಮುದುಕರೊಬ್ಬರು. ಅವರು ಆ ಕೈಗೆ ತಲೆ ಬಾಗಿಸಿ ನಮಸ್ಕಾರ ಮಾಡಿ ತಮ್ಮ ಮೇಣಬತ್ತಿ ಹಚ್ಚಿಕೊಂಡರು. ಅವರಿಂದ ನರ್ಸಕ್ಕ, ನರ್ಸಕ್ಕನಿಂದ ಅವ್ವ. ಒಂದೊಂದಾಗಿ ಮುಖಗಳು ಕತ್ತಲಿಂದ ಮೇಲೆ ಬಂದವು. ಅಷ್ಟು ದಣಿದ ಮುಖಗಳು ಅಷ್ಟು ಹಗುರಾಗಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ, ಯಾಕೆಂದರೆ ಪ್ರತಿ ವರ್ಷ ನಾನೂ ಸಾಲಿನಲ್ಲೇ ನಿಂತಿರುತ್ತಿದ್ದೆ. ಯಾರನ್ನೋ ನಗಿಸಬೇಕಂತ ಬಾಯಿ ತೆಗೆದವನು ನಾನು, ಇಲ್ಲಿ ಯಾರೂ ಮೋಸ ಹೋದವರ ಹಾಗೆ ಕಾಣಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ದೊಡ್ಡವ್ವ ಅವ್ವನ ಮೇಣಬತ್ತಿಯಿಂದ ಕಂದೀಲು ಹಚ್ಚಿಕೊಂಡಳು. ಒಂದು ಗಳಿಗೆ ಹುಣಸೆ ಮರದ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಗಾಜಿಗೆ ಮರೆಮಾಡಿ ಹಾಲಿನ ಗಾಡಿಯ ಕಡೆ ಹೊರಟಳು. ನಿಲ್ಲು ಅಂತ ಕೂಗಬೇಕಿತ್ತು, ಅದೂ ನನ್ನ ದನಿಯಲ್ಲಿ. ಗಾಡಿ ಹೋಯಿತು.

ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಗಿ ಸ್ವಲ್ಪ ಹೊತ್ತಿಗೆ ಅಯ್ಯನೋರ ಬೈಕ್ ಬಂತು. ಹೆಡ್‌ಲೈಟಿನ ಬೆಳಕು ಅಂಗಳದ ತುಂಬ ಹರಿದು, ನಮ್ಮ ಮೇಣಬತ್ತಿಗಳೆಲ್ಲ ಬಿಳಿಚಿಕೊಂಡವು. ಅಯ್ಯನೋರು ಹೆಲ್ಮೆಟ್ ತೆಗೆದು, ಉರಿಯುತ್ತಿರುವ ಸಾಲನ್ನು ನೋಡಿದರು.

"ಯಾರ ಹಚ್ಚಿದ್ರಿ?"

ಹಿರಿಯರು ಅಂದರು: "ನೀವ ಹಚ್ಚೀರಲ್ರಿ."

ಆಗ ನಾನು ಮರದ ಹಿಂದಿನಿಂದ ಹೊರಗೆ ಬಂದೆ. ನನ್ನ ಮುಖ ನೋಡಿದ ಕೂಡಲೇ ಇಡೀ ಸಭೆಗೆ ತಿಳಿಯಿತು.

ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು ಒಬ್ಬರಿದ್ದಾರೆ, ಅವರು ಮೊದಲು ಮಾತಾಡಿದರು. "ಎಲ್ಲಾರೂ ಆರಸ್ರಿ. ಇದು ಬೆಳಕಲ್ಲ, ನಾಟಕ."

"ಬೆಂಕಿ ಅಂದ್ರ ಬೆಂಕಿರಿ ಅಕ್ಕೋರ" ಅಂದ ಟ್ರ್ಯಾಕ್ಟರ್ ಡ್ರೈವರ್, ತನ್ನ ಪಾಲಿನ ತಪ್ಪು ನೆನಪಾಗಿ. "ಅದಕ್ಕೇನ ಆಧಾರ ಕಾರ್ಡ ಇರತೈತೇನು?"

"ನೀ ಸುಮ್ನಿರು. ಇವನ ಕಿಸೆದಾಗ ಲೈಟರ ಯಾಕ ಬಂತು, ಅದನ್ನ ಕೇಳ ಮೊದಲ."

ಅವ್ವ ನನ್ನ ಕಡೆ ತಿರುಗಿದಳು. ಊದಿನಕಡ್ಡಿಯ ಸುಳ್ಳು ಹುಟ್ಟಿದ್ದು ಅಲ್ಲೇ.

ತಾವು ಯಾರ ಕೈಗೆ ನಮಸ್ಕಾರ ಮಾಡಿದ್ದು ಅಂತ ಹಿರಿಯರಿಗೆ ಈಗ ತಿಳಿದಿತ್ತು. ಅವರು ಉಫ್ ಅಂತ ಊದಿದರು. ಅವರ ಹಿಂದೆ ಎಲ್ಲರೂ ಊದಿದರು. ಕರಗಿದ ಮೇಣದ ಹೊಗೆ ವಾಸನೆ ತುಂಬಿಕೊಂಡಿತು.

ಅಯ್ಯನೋರು ನನಗೆ ಬೈಯಲಿಲ್ಲ. ಮಂದಿರದ ಮೆಟ್ಟಿಲ ಮೇಲೆ ಕೂತು ಬೂಟಿನ ಧೂಳು ಕೊಡವಿದರು. ಎದ್ದೇಳಲು ಶಕ್ತಿ ಬರಲಿ ಅಂತ ಕಾಯುವವರ ಹಾಗೆ ಕೂತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

"ಬೆಂಕಿ ಬೆಂಕೀನ ಅಪ್ಪಾ, ನಿನ್ನ ದೋಸ್ತ ಹೇಳಿದ್ದ ಖರೇ ಐತಿ" ಅಂದರು. "ನನ್ನ ಕಡ್ಡಿಪೆಟ್ಟಿಗಿ ಏನ ಸ್ವರ್ಗದಿಂದ ಬಂದಿಲ್ಲ, ನಿಪ್ಪಾಣಿ ಅಂಗಡ್ಯಾಗಿಂದು. ಆದ್ರ ಕತ್ತಲದಾಗ ನಿಂತ ಮಂದಿ ಕಣ್ಣಿಂದ ನಂಬೂದಿಲ್ಲ, ಕಿವಿಯಿಂದ ನಂಬತಾರ. ಅಲ್ಲಿ ಸುಳ್ಳ ಆಡಬಾರದಿತ್ತು. ಬೆಳಕು ಅಂದ್ರ ನಮಗ ಇದೊಂದ ಅರ್ಥ, ಮುಚ್ಚಿಟ್ಟದ್ದ ಏನೂ ಇಲ್ಲ ಅಂತ. ನೀ ಮರದ ಹಿಂದ ನಿಂತ ಬೆಳಕ ಕೊಟ್ಟಿ."

ನಾನು ಲೈಟರನ್ನು ಕಿಸೆಯೊಳಗೆ ಇನ್ನಷ್ಟು ಆಳಕ್ಕೆ ತಳ್ಳಿದೆ.

ಅವರು ಎದ್ದು ಮರದ ಬುಡಕ್ಕೆ ಹೋದರು. ಮೊದಲ ಕಡ್ಡಿ ಮುರಿಯಿತು, ಅವರದು ಯಾವಾಗಲೂ ಮುರಿಯುತ್ತದೆ. ಇನ್ನೊಂದು ಗೀರಿದರು. "ಬೆಳಕು ಬಂತ್ರಿ" ಅಂದರು. ನೆಗಡಿಯಾಗಿ ದನಿ ಒಡೆದಿತ್ತು. ಅದಾಗಲೇ ಮೂಡಲ ಬಿಳುಪೇರುತ್ತಿತ್ತು, ಹೊಸ ಕುಡಿ ಅಷ್ಟೇನೂ ಕಾಣಲಿಲ್ಲ. ಜನ, "ಬರ್ಲಿ" ಅಂದರು, ಮೊದಲ ಸಲದಷ್ಟು ಜೋರಾಗಿ ಅಲ್ಲ. ನನ್ನದೇ ಚಲೋ ಇತ್ತು ಅಂತ ಟ್ರ್ಯಾಕ್ಟರ್ ಡ್ರೈವರ್ ಆಮೇಲೆ ಹೇಳಿದ. ಅವನಿಗೆ ಒದೆಯಬೇಕನಿಸಿತು, ಯಾಕೆಂದರೆ ನನಗೂ ಹಾಗೇ ಅನಿಸಿತ್ತು.

ಎಲ್ಲರ ಮೇಣಬತ್ತಿ ಮತ್ತೆ ಹತ್ತಿದ ಮೇಲೆ ಅವ್ವ ಮುಂದೆ ಬಂದಳು. "ನಮ್ಮ ಅಕ್ಕ ಮೊದಲಿನ ಬೆಳಕ ತಗೊಂಡ ಹೋಗ್ಯಾಳ್ರಿ" ಅಂದಳು. ದೊಡ್ಡಪ್ಪ ಕೇಳಿಕೊಂಡದ್ದನ್ನೂ ಹೇಳಿದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚಲೋ ಇತ್ತು.

ಅಯ್ಯನೋರು ಮಂದಿರದ ಹಳೇ ಕಂದೀಲು ತರಿಸಿ, ದೊಡ್ಡ ಮೇಣಬತ್ತಿಯಿಂದ ಹಚ್ಚಿ, ನನ್ನ ಕೈಗೆ ಕೊಟ್ಟರು. "ಅಥಣಿಯವರ ಕಾಯಾಕತ್ತಾರ, ನನಗ ಆಗೂದಿಲ್ಲ. ನೀನ ಒಯ್ಯಿ. ಅಲ್ಲಿ ಉಪದೇಶ ಬ್ಯಾಡ, ಆಟ ಬ್ಯಾಡ. ಆದದ್ದ ಆದಂಗ ಹೇಳು. ಹೇಳಿ, ಆ ದೀಪ ಆರಿಸಿ ಇದನ್ನ ಹಚ್ಚಿ ಬಾ."

ಕಂದೀಲನ್ನು ನನ್ನ ಬೈಕಿನ ಹ್ಯಾಂಡಲಿಗೆ ನೇತುಹಾಕಿ ಹೊರಟೆ. ಬೆಳಗಾಗಿತ್ತು, ಹಗಲಲ್ಲಿ ಕಂದೀಲು ಹಚ್ಚಿಕೊಂಡು ಹೋಗುವವನನ್ನು ನೋಡಿ ಬಸ್ಸಿಗೆ ನಿಂತವರು ನಕ್ಕರು. ಒಬ್ಬ, "ಕಾಯ ರೇ, ಏನ ಕಳಕೊಂಡಿ?" ಅಂದ. ಬೇರೆ ದಿನವಾಗಿದ್ದರೆ ಅವನ ದನಿಯಲ್ಲೇ ತಿರುಗಿ ಕೇಳುತ್ತಿದ್ದೆ. ಮೆಲ್ಲಗೆ ಹೋದರೆ ದಾರಿ ಮುಗಿಯುವುದಿಲ್ಲ, ಜೋರು ಹೋದರೆ ಕುಡಿ ಒದ್ದಾಡುತ್ತದೆ. ದೊಡ್ಡವ್ವನ ಮನೆಯಲ್ಲಿ ಆಗ ಏನು ನಡೆದಿರಬಹುದು ಅಂತ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟುತ್ತಿತ್ತು. ಜನ್ಮವೆಲ್ಲ ಹೊಸ್ತಿಲಲ್ಲಿ ಕಾದದ್ದು ಒಳಗೆ ಹೋಗಿರುತ್ತದೆ. ದೊಡ್ಡಪ್ಪ ಅದನ್ನೇ ನೋಡುತ್ತ ಮಲಗಿರುತ್ತಾನೆ. ಆಗ ನಾನು ಹೋಗಿ, ಇದು ಸುಳ್ಳು ಆರಿಸಿರಿ, ಖರೇದು ಇದರಲ್ಲಿದೆ ಅನ್ನಬೇಕು.

ಕಾಲುವೆಯ ಸೇತುವೆಯ ಮೇಲೆ ಎದುರಿಗೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಬಂತು. ಅದರ ಗಾಳಿ ಬಡಿದು, ಹಂಪ್ ಎಗರಿ, ಕಂದೀಲು ಆರಿತು.

ಬೈಕ್ ನಿಲ್ಲಿಸಿದೆ. ಅಯ್ಯನೋರು ಅಥಣಿಯ ದಾರಿ ಹಿಡಿದಿರುತ್ತಾರೆ, ಜನ ಮನೆ ಸೇರಿರುತ್ತಾರೆ. ಸುತ್ತ ಯಾರಿಲ್ಲ, ಕಾಲುವೆಯ ನೀರು, ಒಂದು ಟಿಟ್ಟಿಭ ಹಕ್ಕಿ. ಕೈ ತಾನಾಗಿ ಕಿಸೆಗೆ ಹೋಗಿ ಲೈಟರ್ ಹೊರಗೆ ತೆಗೆಯಿತು. ಗಾಜು ಎತ್ತಿದೆ. ಬತ್ತಿ ಇನ್ನೂ ಬಿಸಿ ಇತ್ತು. ಒಮ್ಮೆ ಒತ್ತಿದರೆ ಮುಗಿಯಿತು. ದೊಡ್ಡವ್ವನಿಗೆ ಗೊತ್ತಾಗುವುದಿಲ್ಲ, ಅಯ್ಯನೋರಿಗೆ ಗೊತ್ತಾಗುವುದಿಲ್ಲ.

ಒತ್ತಲಿಲ್ಲ. ಒಳ್ಳೆಯವನಾಗಿಬಿಟ್ಟೆ ಅಂತ ತಿಳಿಯಬೇಡಿ. ಇನ್ನೊಂದು ಸುಳ್ಳನ್ನು ಹೊತ್ತು ತಿರುಗುವಷ್ಟು ಶಕ್ತಿ ಉಳಿದಿರಲಿಲ್ಲ, ಅಷ್ಟೇ. ಒಂದು ಸುಳ್ಳು ಹೇಳುವುದು ಹಗುರ, ಅದರ ಬೆನ್ನ ಹಿಂದೆ ಕಂದೀಲು ಹಿಡಿದು ಹೋಗುವುದು ಭಾರ. ಲೈಟರನ್ನು ಕಾಲುವೆಗೆ ಎಸೆದೆ ಅಂತ ಬರೆದರೆ ಓದಲು ಚಂದ. ಎಸೆಯಲಿಲ್ಲ, ಕಿಸೆಗೇ ಹಾಕಿಕೊಂಡೆ. ಆರಿದ ಕಂದೀಲಿನೊಂದಿಗೆ ದಿಗ್ಗೇವಾಡಿ ಮುಟ್ಟಿದೆ.

ಬಾಗಿಲು ತೆರೆದಿತ್ತು. ಹೊಸ್ತಿಲ ಮಗ್ಗುಲು ಖಾಲಿ. ಅದನ್ನು ದಾಟುವಾಗ ಯಾಕೋ ಅಭ್ಯಾಸಬಲದಿಂದ ಕಾಲು ಎತ್ತಿ ಇಟ್ಟೆ.

"ಯಾರದು, ಅಯ್ಯನೋರೇನು?" ನಡುಮನೆಯ ಕತ್ತಲಿಂದ ದೊಡ್ಡಪ್ಪನ ದನಿ ಬಂತು, ತೆಳ್ಳಗೆ. "ಅಯ್ಯನೋರಾದ್ರ ಹಂಗ ಬರ್ರಿ. ನೀನಾದ್ರ ಚಪ್ಲಿ ಬಿಟ್ಟ ಬಾರಲೇ."

ಮಂಚವನ್ನು ಗೋಡೆಯಿಂದ ಸರಿಸಿ, ದೇವರ ಮಾಡಕ್ಕೆ ಎದುರಾಗಿ ಹಾಕಿದ್ದರು. ಮಾಡದಲ್ಲಿ ಯಡೂರು ವೀರಭದ್ರನ ಪಟ, ಅದರ ಮಗ್ಗುಲಲ್ಲಿ ದೊಡ್ಡವ್ವನ ಆ ಸಣ್ಣ ಹಣತೆ. ಕಿಟಕಿ ಮುಚ್ಚಿದ್ದರಿಂದ ಆ ಕೋಣೆಗೆ ಇದ್ದದ್ದು ಅದೊಂದೇ ಬೆಳಕು. ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ, ದೀಪದ ಕಡೆಯೇ ಇದ್ದ. ದೇಹವೆಲ್ಲ ಹಾಸಿಗೆಯೊಳಗೆ ಇಳಿದುಹೋಗಿ ಕಣ್ಣು ಮಾತ್ರ ಮೇಲೆ ಉಳಿದಿದ್ದವು. ಆ ಕಣ್ಣುಗಳಲ್ಲಿ ಎರಡು ಪುಟ್ಟ ಕುಡಿಗಳು ಆಡುತ್ತಿದ್ದವು, ನನ್ನ ಲೈಟರಿನವು.

ದೊಡ್ಡವ್ವ ಚಹಾ ಸೋಸುತ್ತಿದ್ದಳು. "ಕಂದೀಲ ಯಾಕ ತಂದಿ? ಅದೂ ಆರಿದ್ದ?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಆದದ್ದು ಆದ ಹಾಗೆ. ಮರದ ಹಿಂದೆ ನಿಂತದ್ದು, ಹಿರಿಯರು ನಮಸ್ಕಾರ ಮಾಡಿದ್ದು, ಎಲ್ಲರೂ ಊದಿ ಆರಿಸಿದ್ದು, ಅಯ್ಯನೋರು ಅಂದದ್ದು, ಕಾಲುವೆಯ ಮೇಲೆ ಆರಿದ್ದು, ಲೈಟರ್ ತೆಗೆದು ಮತ್ತೆ ಕಿಸೆಗೆ ಹಾಕಿದ್ದು. ಯಾರ ದನಿಯನ್ನೂ ಮಾಡದೆ ಅಷ್ಟು ಉದ್ದ ಮಾತಾಡಿ ನನಗೆ ರೂಢಿಯಿಲ್ಲ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ, ಆದರೆ ನಡುಮನೆ ಅಲ್ಲೇ ಪಕ್ಕದಲ್ಲಿತ್ತು. ಒಳಗೆ ಮಂಚ ಒಮ್ಮೆ ಕಿರ್ ಅಂತು.

ದೊಡ್ಡವ್ವ ಚಹಾದ ಬಟ್ಟಲು ನನ್ನ ಕೈಗೆ ಕೊಟ್ಟಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ನಿದ್ದೆ ಕಾಣುತ್ತಿತ್ತು, ಎಷ್ಟೋ ತಿಂಗಳ ನಿದ್ದೆ.

"ನಾ ಬಂದ ಬಾಗಲದಾಗ ನಿಂತೆ" ಅಂದಳು. "ಒಳಗ ಹೋಗಾಕ ಕಾಲ ಬರಲಿಲ್ಲ. ಈ ದೀಪ ಹಿಡ್ಕೊಂಡ ಎಂದೂ ಹೋಗಿಲ್ಲಲ್ಲ. ಅಲ್ಲೇ ನಿಂತು, 'ಬೆಳಕು ಬಂತ್ರಿ' ಅಂದೆ. ಒಳಗಿಂದ ಇವರು, 'ಬರ್ಲಿ, ನಮ್ಮನಿಗೂ ಬರ್ಲಿ' ಅಂದರು. ನಾ ಕಲಿಸಿದ್ದಲ್ಲ. ಹೊಲಕ್ಕ ಹೋಗೂ ಮುಂದ ಕೇಳಿ ಕೇಳಿ ಕಲ್ತಾರ."

ಅಷ್ಟು ಹೇಳಿ, ನನ್ನ ಕೈಯಿಂದ ಕಂದೀಲು ತೆಗೆದುಕೊಂಡು ನಡುಮನೆಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಹಣತೆಯನ್ನು ಆರಿಸಲಿಲ್ಲ. ಅದರಿಂದ ಒಂದು ಬತ್ತಿ ಹೊತ್ತಿಸಿ, ಮಂದಿರದ ಕಂದೀಲಿಗೆ ಹಚ್ಚಿದಳು, ಗಾಜು ಇಳಿಸಿದಳು, ನನ್ನ ಮುಂದೆ ಹಿಡಿದಳು. ಒಯ್ದು ಅಯ್ಯನೋರಿಗೆ ಕೊಡು ಅನ್ನುವ ಹಾಗೆ.

ನಾನು ಕೈ ಚಾಚಲಿಲ್ಲ. "ದೊಡ್ಡವ್ವಾ, ತಿಳೀಲಿಲ್ಲೇನು? ಆ ದೀಪ ಖರೇದಲ್ಲ. ಅಯ್ಯನೋರು ಹಚ್ಚಿದ್ದಲ್ಲ ಅದು, ನಾ ಅವರ ದನಿ ತಗದ ಸುಳ್ಳ ಹೇಳಿದ್ದು."

ಅವಳು ಕಂದೀಲನ್ನು ನನ್ನ ಕೈಗೆ ಒತ್ತಿದಳು.

"ಅಯ್ಯನೋರು ಎಂದಾದ್ರೂ ಹೇಳಿದ ಹೊತ್ತಿಗೆ ಬಂದಾರೇನಲೇ? ನಿನ್ನ ಲೈಟರ ಟಕ್ ಅಂದಾಗ ನನಗ ಗೊತ್ತಾತು. ಬೆಳಕು ಬಂತು ಅಂದಿ, ಬಂತು. ಅದರಾಗ ಸುಳ್ಳ ಯಾವುದೈತಿ, ತೋರಸು."